ಬೀಳದೇ ಉಳಿದ ಕರಪತ್ರ

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಳು. ಇತಿಹಾಸ ಓದುತ್ತಿರುವ ಹುಡುಗಿ. ಬಂದಾಗಲೆಲ್ಲ ನನ್ನ ಹಳೆಯ ಕಾಗದಗಳ ಕಪಾಟನ್ನು ತೆರೆಸದೆ ಬಿಡುವುದಿಲ್ಲ. ಈ ಸಲ ಅವಳ ಕೈಗೆ ಸಿಕ್ಕಿದ್ದು ನಾನು ಎಲ್ಲಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿರುವ ಒಂದು ಜರ್ಮನ್ ಕರಪತ್ರ. ರಷ್ಯನ್ ಮತ್ತು ಜರ್ಮನ್ ಎರಡೂ ಭಾಷೆಗಳಲ್ಲಿ ಅಚ್ಚಾದದ್ದು. ಮೇಲೆ ದಪ್ಪ ಅಕ್ಷರಗಳಲ್ಲಿ 'ಪ್ರೋಪುಸ್ಕ್' ಎಂದಿದೆ, ಅಂದರೆ ರಹದಾರಿ. 2003ರ ಬೇಸಿಗೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಉದೆಲ್ನಾಯಾ ಸಂತೆಯಲ್ಲಿ ಕೊಂಡದ್ದು. ಮಾರಿದವನು ಅದನ್ನು ಎರಡು ಗಾಜಿನ ನಡುವೆ ಇಟ್ಟಿದ್ದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಲೆನಿನ್‌ಗ್ರಾಡಿಗೆ (ಆಗ ಪೀಟರ್ಸ್‌ಬರ್ಗಿನ ಹೆಸರು ಅದು) ಹಾಕಿದ ಮುತ್ತಿಗೆಯ ಕಾಲದ್ದು, ಊರಿನ ಮೇಲೆ ವಿಮಾನದಿಂದ ಎಸೆದದ್ದು ಎಂದು ಪ್ರಮಾಣ ಮಾಡಿ ಹೇಳಿದ್ದ. ನಾನೂ ಇಪ್ಪತ್ತು ವರ್ಷಗಳಿಂದ ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದೆ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮಾವ, ಇದು ಆಕಾಶದಿಂದ ಬಿದ್ದ ಕಾಗದ ಎನ್ನುತ್ತೀರಿ. ಒಂದು ಮಡಿಕೆಯೂ ಇಲ್ಲವಲ್ಲ? ಮಣ್ಣು ಹೋಗಲಿ, ಹಿಮದಲ್ಲಿ ನೆಂದ ಗುರುತೂ ಇಲ್ಲ" ಎಂದಳು. ಹೆಕ್ಕಿದವರು ಜೋಪಾನ ಮಾಡಿರಬೇಕು ಎಂದೆ. ಅವಳು ಒಪ್ಪಿಕೊಂಡು ಮುಂದಿನ ಕಾಗದಕ್ಕೆ ಹೋದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಊರಿನಲ್ಲಿ ಆ ಚಳಿಗಾಲದಲ್ಲಿ ಇಂಥ ಕಾಗದವನ್ನು ಜೋಪಾನ ಮಾಡುವುದೆಂದರೆ ಏನು ಎಂದು ನನಗೆ ಒಬ್ಬರು ಬಾಯಾರೆ ಹೇಳಿದ್ದರು. ತಿಳಿದೂ ನಾನು ಆ ಮಾತನ್ನು ಅಷ್ಟು ಹಗುರವಾಗಿ ಆಡಿಬಿಟ್ಟಿದ್ದೆ.

ಬೇಳೆಸಾರಿನ ದಿನ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಲೆನಿನ್‌ಗ್ರಾಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಕೂತು ಬೀಗದ ಕೈ ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸಿದ್ದರು. ನಾವೆಲ್ಲ ಅವರನ್ನು 'ತ್ಯೋತ್ಯಾ' ಎನ್ನುತ್ತಿದ್ದೆವು. ಅತ್ತೆ, ಚಿಕ್ಕಮ್ಮ ಎಲ್ಲಕ್ಕೂ ಆಗುವ ಮಾತು ಅದು. ಅವರು ನನ್ನನ್ನು 'ಸಿನೋಕ್' ಎಂದು ಕರೆಯುತ್ತಿದ್ದರು, ಮಗನೇ ಎಂದು. ಐವತ್ತೇಳೋ ಐವತ್ತೆಂಟೋ ವಯಸ್ಸಿದ್ದಿರಬೇಕು. ನನಗೆ ಆಗ ಅವರು ತೀರ ಮುದುಕಿಯಂತೆ ಕಾಣುತ್ತಿದ್ದರು.

ಒಂದು ಸಂಜೆ ಅಡುಗೆಮನೆಯಲ್ಲಿ ನಾನು ಸಾರಿಗೆ ಬೇಳೆ ಬೇಯಿಸುತ್ತಿದ್ದೆ. ಊರಿನಿಂದ ತಂದಿದ್ದ ತೊಗರಿಬೇಳೆ ಮುಗಿದಿತ್ತು. ಹೇಗೋ ಸಿಕ್ಕಿದ ಮಸೂರಬೇಳೆಯಲ್ಲಿ ಹುಣಿಸೆಹಣ್ಣು ಕಿವುಚಿ, ಅಮ್ಮ ಕಳಿಸಿದ್ದ ಸಾರಿನ ಪುಡಿಯ ಕೊನೆಯ ಎರಡು ಚಮಚ ಹಾಕುತ್ತಿದ್ದೆ. ವಾಸನೆಗೆ ತ್ಯೋತ್ಯಾ ಒಳಗೆ ಬಂದರು. ಪಾತ್ರೆಯೊಳಗೆ ಇಣುಕಿದರು. "ಚೆಚೆವೀತ್ಸಾ" ಎಂದರು, ಮಸೂರ. ಆಮೇಲೆ ಸಣ್ಣ ಹುಡುಗಿ ಮಗ್ಗಿ ಒಪ್ಪಿಸುವ ಹಾಗೆ, ಒಂದೇ ಉಸಿರಿನಲ್ಲಿ, ಒಂದು ಪ್ರಾಸ ಹೇಳಿದರು: "ಚೆಚೆವೀತ್ಸು ಸ್ಯೆದೀತೆ, ಲೆನಿನ್‌ಗ್ರಾಡ್ ಸ್ದದೀತೆ." ಮಸೂರಬೇಳೆ ತಿಂದು ಮುಗಿಸುತ್ತೀರಿ, ಲೆನಿನ್‌ಗ್ರಾಡನ್ನು ಒಪ್ಪಿಸುತ್ತೀರಿ. ಇನ್ನೊಂದನ್ನೂ ಹೇಳಿದರು. ಅದರಲ್ಲಿ 'ಬಬೀ'ಗೆ 'ಗ್ರಬೀ' ಪ್ರಾಸ. ಕಾಳು ತಿಂದು ಮುಗಿಸಿ, ಶವಪೆಟ್ಟಿಗೆ ಸಿದ್ಧಪಡಿಸಿ ಎಂದು ಅರ್ಥ. ಇವು ಯಾವ ಹಾಡು ಎಂದು ಕೇಳಿದೆ. "ಹಾಡಲ್ಲ. ಜರ್ಮನರು ಮೇಲಿನಿಂದ ಎಸೆದದ್ದು" ಎಂದರು.

ಸಾರು ಕುದಿಯುತ್ತಿತ್ತು. ನಾನು ಒಲೆಯನ್ನು ಸಣ್ಣ ಮಾಡಿ ಅವರಿಗೆ ಸ್ಟೂಲು ಸರಿಸಿದೆ. ಆ ಪ್ರಾಸಗಳಿದ್ದ ಕಾಗದವನ್ನು ಕಂಡಿದ್ದೀರಾ ಎಂದು ಕೇಳಿದೆ. ಇಲ್ಲ. ಬ್ರೆಡ್ಡಿನ ಸಾಲಿನಲ್ಲಿ ಯಾರೋ ಹೆಂಗಸು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಇವರ ಕಿವಿಗೂ ಬಿದ್ದಿತ್ತು. ಊರಿಗೆ ಊರೇ ಆ ಪ್ರಾಸವನ್ನು ಬಲ್ಲದಾಗಿತ್ತು. ಕಾಗದ ಕಂಡವರು ಮಾತ್ರ ಯಾರೂ ಇರಲಿಲ್ಲ; ಇದ್ದರೂ ಕಂಡೆವು ಎನ್ನುತ್ತಿರಲಿಲ್ಲ.

"ನಾನು ಒಂದನ್ನು ಹೆಕ್ಕಿದ್ದೆ" ಎಂದು ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. 1941ರ ಡಿಸೆಂಬರ್. ಅವರಿಗೆ ಆಗ ಹತ್ತು ವರ್ಷ. ಮನೆ ಇದ್ದದ್ದು ವಸೀಲ್ಯೆವ್‌ಸ್ಕಿ ದ್ವೀಪದಲ್ಲಿ, ನಾಲ್ಕೂ ಕಡೆ ಗೋಡೆ ಎದ್ದು ಬಾವಿಯಂತೆ ಕಾಣುವ ಅಂಗಳದ ಕಟ್ಟಡದಲ್ಲಿ. ನೀರಿಗೆ ಇಳಿದಾಗ ಹಿಮದ ಮೇಲೆ ಕಾಗದವೊಂದು ಬೋರಲು ಬಿದ್ದಿತ್ತು. ಹಿಂಬದಿ ಖಾಲಿ, ಅಚ್ಚ ಬಿಳಿ. ಆ ಹುಡುಗಿಗೆ ಚಿತ್ರ ಬರೆಯುವ ಹುಚ್ಚು. ಮನೆಯಲ್ಲಿದ್ದ ಕಾಗದವೆಲ್ಲ ಆಗಲೇ ಒಲೆ ಸೇರಿತ್ತು, ಅವಳ ಶಾಲೆಯ ಪುಸ್ತಕಗಳೂ. ಇಷ್ಟಗಲ ಬಿಳಿ ಜಾಗ ಕಂಡು ತಡೆಯಲಾಗದೆ ಎತ್ತಿಕೊಂಡು, ಕೋಟಿನೊಳಗೆ ಇಟ್ಟುಕೊಂಡು ಮೇಲೆ ಹೋದಳು. ಅಮ್ಮ ಅದನ್ನು ತಿರುಗಿಸಿ ಅಚ್ಚಿನ ಬದಿ ನೋಡಿದರು. ಅದುವರೆಗೆ ಕೈ ಎತ್ತಿರದ ಅಮ್ಮ ಕೆನ್ನೆಗೆ ಹೊಡೆದರು. ಹೊಡೆಯುವುದಕ್ಕೂ ಶಕ್ತಿ ಇರಲಿಲ್ಲ, ಕೈ ಬರಿದೇ ಕೆನ್ನೆಗೆ ತಾಗಿತು ಎಂದರು ತ್ಯೋತ್ಯಾ. ಆಮೇಲೆ ಕಾಗದವನ್ನು 'ಬುರ್ಜೂಯ್ಕಾ'ಕ್ಕೆ, ಎಂದರೆ ಆ ಚಳಿಗಾಲದಲ್ಲಿ ಪ್ರತಿ ಕೋಣೆಯಲ್ಲೂ ಇದ್ದ ತಗಡಿನ ಒಲೆಗೆ, ಹಾಕಿದರು. ಅದು ಭಗ್ಗೆಂದು ಹತ್ತಿಕೊಂಡಿತು. ಅಮ್ಮ ಎರಡೂ ಕೈಗಳನ್ನು ಆ ಉರಿಗೆ ಹಿಡಿದರು. ಮಗಳ ಕೈಗಳನ್ನೂ ಎಳೆದು ಹಿಡಿಸಿದರು.

ಅದರಲ್ಲಿ ಏನು ಬರೆದಿತ್ತು ಎಂದು ನಾನು ಕೇಳಿದೆ. ಈಗ ಆ ಪ್ರಶ್ನೆ ನೆನೆದರೆ ನಾಚಿಕೆಯಾಗುತ್ತದೆ. ತ್ಯೋತ್ಯಾ ತಲೆಯಾಡಿಸಿದರು. ಅವರು ಓದಿರಲಿಲ್ಲ. ಅವರಿಗೆ ನೆನಪಿದ್ದದ್ದು ಹಿಂಬದಿಯ ಬಿಳುಪು. ಆ ತಾಯಿ ಫೆಬ್ರವರಿಯಲ್ಲಿ ತೀರಿಕೊಂಡರು. ತ್ಯೋತ್ಯಾ ಅನಾಥಾಲಯದಲ್ಲಿ ಬೆಳೆದರು. ನನ್ನ ಸಾರನ್ನು ಎರಡು ಬಟ್ಟಲು ಕುಡಿದು, ಹುಳಿ ಹೆಚ್ಚಾಯಿತು ಎಂದರು.

ಕಾಗದಕ್ಕೆ ಯಾಕೆ ಅಷ್ಟು ಭಯ

ಮುತ್ತಿಗೆಯ ಕಥೆ ಓದುಗರಿಗೆ ಗೊತ್ತಿರುವುದೇ. 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ 872 ದಿನ. ನವೆಂಬರ್ 20ರ ಹೊತ್ತಿಗೆ ಪಡಿತರ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ ಬ್ರೆಡ್ಡು, ಉಳಿದವರಿಗೆಲ್ಲ 125 ಗ್ರಾಂ. ಸತ್ತವರ ಲೆಕ್ಕ ನ್ಯೂರೆಂಬರ್ಗ್ ವಿಚಾರಣೆಯಲ್ಲಿ 6,32,253 ಎಂದು ಮಂಡನೆಯಾಯಿತು. ಅನಂತರದ ಇತಿಹಾಸಕಾರರು ಹತ್ತು ಲಕ್ಷದ ಹತ್ತಿರಕ್ಕೆ ಒಯ್ಯುತ್ತಾರೆ. ಇದರಲ್ಲಿ ಕರಪತ್ರ ಸಂಗ್ರಹಿಸುವವನು ನೆನಪಿಡಬೇಕಾದ ಒಂದು ಸಂಗತಿ ಮಾತ್ರ ಹೊರಗಿನವರ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಜರ್ಮನರು ಸೋವಿಯತ್ ನೆಲದ ಮೇಲೆ ಯುದ್ಧ ಶುರುಮಾಡಿದ ಮೂರೇ ದಿನಕ್ಕೆ, 1941ರ ಜೂನ್ 25ರಂದು, ಸೋವಿಯತ್ ಸರ್ಕಾರ ಖಾಸಗಿ ರೇಡಿಯೋಗಳನ್ನೆಲ್ಲ ಒಪ್ಪಿಸುವಂತೆ ಆಜ್ಞೆ ಹೊರಡಿಸಿತು. ಮನೆಗಳಲ್ಲಿ ಉಳಿದದ್ದು ತಂತಿಯ ಮೂಲಕ ಒಂದೇ ದನಿ ಬರುವ ಕರಿಯ ತಟ್ಟೆಯಂಥ ಧ್ವನಿವರ್ಧಕ. ಕಾರ್ಯಕ್ರಮವಿಲ್ಲದ ಹೊತ್ತಿನಲ್ಲಿ ಅದರಲ್ಲಿ ಮೆಟ್ರೊನೋಮ್, ಅಂದರೆ ತಾಳ ಹಿಡಿಯುವ ಯಂತ್ರ, ಬಡಿಯುತ್ತಿತ್ತು: ನಿಧಾನಕ್ಕೆ ಬಡಿದರೆ ನೆಮ್ಮದಿ, ವೇಗವಾಗಿ ಬಡಿದರೆ ದಾಳಿ. ಹೀಗೆ ಹೊರಗಿನ ಸುದ್ದಿಗೆಲ್ಲ ಬಾಗಿಲು ಹಾಕಿಕೊಂಡ ಊರಿನೊಳಗೆ, ಅನುಮತಿಯಿಲ್ಲದೆ ಬರುತ್ತಿದ್ದ ಬರಹವೆಂದರೆ ಮೇಲಿನಿಂದ ಬೀಳುವ ಕರಪತ್ರ ಒಂದೇ.

ಆದ್ದರಿಂದಲೇ ಅದು ಬಾಂಬಿನಷ್ಟೇ ಅಪಾಯದ್ದು. ಜುಲೈ 6ರ ಶಾಸನದ ಪ್ರಕಾರ ಕಳವಳ ಹುಟ್ಟಿಸುವ ಸುಳ್ಳು ಸುದ್ದಿ ಹಬ್ಬಿಸಿದರೆ ಎರಡರಿಂದ ಐದು ವರ್ಷ ಸೆರೆ. ಸೋವಿಯತ್ ವಿರೋಧಿ ಪ್ರಚಾರ ಎಂದು ಬಗೆದರೆ ದಂಡಸಂಹಿತೆಯ 58ನೆಯ ವಿಧಿ; ಯುದ್ಧಕಾಲದಲ್ಲಿ ಅದು ಗುಂಡಿಗೂ ದಾರಿ. ಶತ್ರುವಿನ ಕರಪತ್ರ ಸಿಕ್ಕಿದರೆ ಓದದೆ ಒಪ್ಪಿಸಬೇಕು, ಇಲ್ಲವೇ ಸುಟ್ಟುಬಿಡಬೇಕು. ರಣರಂಗದ ಸೈನಿಕನಿಗೆ ಇನ್ನೊಂದು ಪೇಚು: ಮಖೋರ್ಕಾ ಎಂಬ ಒರಟು ಹೊಗೆಸೊಪ್ಪನ್ನು ಸುತ್ತಿ ಸೇದಲು ಕಾಗದ ಬೇಕು, ಆಕಾಶ ಪುಕ್ಕಟೆಯಾಗಿ ಕೊಡುತ್ತಿದೆ, ಜೇಬಿನಲ್ಲಿ ಸಿಕ್ಕಿಬಿದ್ದರೆ ಮಾತ್ರ ಅವನು ಶರಣಾಗಲು ಹೊರಟವನು.

ಕಾಗದ ಏನು ಹೇಳುತ್ತದೆ ಎಂಬುದಕ್ಕಿಂತ ಯಾವ ಉಪಯೋಗಕ್ಕೆ ಬರುತ್ತದೆ ಎಂದು ನೋಡುವ ಕಣ್ಣು ನಮಗೂ ಹೊಸದಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಪ್ಪ 'ಸೋವಿಯತ್ ಲ್ಯಾಂಡ್' ಪತ್ರಿಕೆಗೆ ಚಂದಾ ಕಟ್ಟುತ್ತಿದ್ದುದು ಅದರ ನುಣುಪಾದ ಹಾಳೆಗಳಿಗಾಗಿ. ಜೂನ್ ಬಂತೆಂದರೆ ನಮ್ಮ ಬೀದಿಯ ಮಕ್ಕಳ ಪುಸ್ತಕಗಳಿಗೆಲ್ಲ ಅದೇ ರಟ್ಟು. ಟ್ರಾಕ್ಟರ್ ಓಡಿಸುವ ಹೆಂಗಸಿನ ನಗುಮುಖದ ಮೇಲೆ ನಾನು 'ಸಮಾಜ ಪರಿಚಯ' ಎಂದು ಬರೆದು ಹೆಸರಿನ ಚೀಟಿ ಅಂಟಿಸಿದ್ದೆ. ಆ ಪುಸ್ತಕ ಈಗಲೂ ಇದ್ದಿದ್ದರೆ ಅದರ ರಟ್ಟಿನ ಶಾಯಿಯ ಕಲೆ, ಸವೆದ ಮೂಲೆಗಳು ಆ ಪತ್ರಿಕೆಯ ಬಗ್ಗೆ ಹೇಳುವಷ್ಟನ್ನು ಗ್ರಂಥಾಲಯದ ಹೊಚ್ಚ ಹೊಸ ಪ್ರತಿ ಹೇಳಲಾರದು.

ಗುರುತು ಹಿಡಿಯುವ ಕೆಲಸ

ಹುಡುಗಿ ಊರಿಗೆ ಹೋದ ಮಾರನೆಯ ದಿನ ನಾನು ಕರಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಮೊದಲಿನಿಂದ ಪರೀಕ್ಷೆ ಮಾಡಿದೆ. ಕೊಂಡಾಗಲೇ ಮಾಡಬೇಕಿತ್ತು. ಆಗ ಆಸೆ ಕಣ್ಣು ಕಟ್ಟಿತ್ತು.

ಮೊದಲನೆಯದು ಇದು ನಕಲೋ ಅಲ್ಲವೋ ಎಂಬುದು. ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಈಚಿನ ಕಾಗದ ನೀಲಿಯಾಗಿ ಹೊಳೆಯುತ್ತದೆ. ಕಾಗದವನ್ನು ಬೆಳ್ಳಗೆ ಕಾಣಿಸಲು ಹಾಕುವ ರಾಸಾಯನಿಕದ ಹೊಳಪು ಅದು. ಯುದ್ಧ ಮುಗಿದ ಮೇಲೆ ಬಳಕೆಗೆ ಬಂದದ್ದು. ನನ್ನದು ಹೊಳೆಯಲಿಲ್ಲ, ಮಂಕಾಗಿಯೇ ಉಳಿಯಿತು. ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿದೆ. ಅಂಚುಗಳಲ್ಲಿ ಮಸಿ ಒತ್ತಿ ಹೊರಚೆಲ್ಲಿದೆ, ಹಿಂಬದಿಗೆ ಬೆರಳು ಆಡಿಸಿದರೆ ಮೊಳೆಗಳು ಕಚ್ಚಿದ ಉಬ್ಬು ಸಿಗುತ್ತದೆ. ಅಚ್ಚುಮೊಳೆಯ ಕೆಲಸ. ಹಳೆಯ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆ ಮುದ್ರಿಸಿದ್ದನ್ನು ಬಲ್ಲವರಿಗೆ ಈ ಉಬ್ಬನ್ನು ವಿವರಿಸಬೇಕಾಗಿಲ್ಲ. ಕಂಪ್ಯೂಟರಿನಿಂದ ತೆಗೆದ ನಕಲಿನಲ್ಲಿ ಅಕ್ಷರ ಕಾಗದದ ಮೇಲೆ ಸುಮ್ಮನೆ ಕೂತಿರುತ್ತದೆ. ಕಾಗದ ಮರದ ತಿರುಳಿನದು, ಅಂಚಿನಿಂದ ಒಳಕ್ಕೆ ಹಳದಿಯಾಗುತ್ತ ಬಂದಿದೆ. ಹಾಗಾಗಿ ಅಸಲಿ. ಅಷ್ಟರ ಮಟ್ಟಿಗೆ ನೆಮ್ಮದಿ.

ಎರಡನೆಯದು, ಇದು ಯಾರಿಗಾಗಿ ಅಚ್ಚಾದದ್ದು ಎಂಬುದು. ಇಲ್ಲಿಂದ ನನ್ನ ಕಾಲಡಿಯ ನೆಲ ಸರಿಯತೊಡಗಿತು. ಬರಹ ಹೀಗಿದೆ: ಇದನ್ನು ತೋರಿಸುವವನು 'ಯಹೂದಿಗಳ ಮತ್ತು ಕಮಿಸಾರರ ಹಿತಕ್ಕಾಗಿ' ಅರ್ಥವಿಲ್ಲದೆ ರಕ್ತ ಹರಿಯುವುದನ್ನು ಒಲ್ಲದೆ, ಸೋತುಹೋದ ಕೆಂಪು ಸೇನೆಯನ್ನು ತೊರೆದು ಜರ್ಮನ್ ಪಡೆಗಳ ಕಡೆಗೆ ಬರುತ್ತಿದ್ದಾನೆ, ಜರ್ಮನ್ ಅಧಿಕಾರಿಗಳು ಮತ್ತು ಸೈನಿಕರು ಅವನನ್ನು ಚೆನ್ನಾಗಿ ಬರಮಾಡಿಕೊಂಡು, ಊಟ ಕೊಟ್ಟು, ಕೆಲಸಕ್ಕೆ ಸೇರಿಸುತ್ತಾರೆ. ಎಷ್ಟು ಮಂದಿ ಬಂದರೂ ಈ ಒಂದೇ ರಹದಾರಿ ಸಾಕು ಎಂದೂ ಇದೆ. ಯಹೂದಿ ಎಂದು ನಾನು ಬರೆದ ಕಡೆ ಮೂಲದಲ್ಲಿರುವುದು ಒಂದು ಬೈಗುಳ. ಅದನ್ನು ಕನ್ನಡಕ್ಕೆ ತರುವ ಮನಸ್ಸು ನನಗಿಲ್ಲ. ಕಮಿಸಾರರೆಂದರೆ ಕೆಂಪು ಸೇನೆಯೊಳಗಿದ್ದ ಪಕ್ಷದ ರಾಜಕೀಯ ಅಧಿಕಾರಿಗಳು. ಈ ಬರಹದಲ್ಲಿ ಎಲ್ಲಾದರೂ ಲೆನಿನ್‌ಗ್ರಾಡ್ ಇದೆಯೇ? ನೆವಾ ನದಿ ಇದೆಯೇ? ಬ್ರೆಡ್ಡಿನ ಮಾತಿದೆಯೇ? ಯಾವುದೂ ಇಲ್ಲ. ಇದೇ ಮಾತುಗಳು ಆ ವರ್ಷ ಉತ್ತರದಿಂದ ದಕ್ಷಿಣದವರೆಗೆ ಇಡೀ ರಣರಂಗಕ್ಕೆ ರಾಶಿರಾಶಿಯಾಗಿ ಅಚ್ಚಾದವು. ಒಂದು ಊರಿಗೆಂದೇ ಬರೆದ ಕರಪತ್ರದ ದಾಟಿ ಬೇರೆ. ಅದು ಆ ಊರಿನ ಮುಖಂಡನ ಹೆಸರು ಹಿಡಿದು ಬೈಯುತ್ತದೆ, ಆ ಊರಿನ ಪಡಿತರದ ಗ್ರಾಂ ಎಣಿಸುತ್ತದೆ, ಹೆಂಗಸರು ತೋಡುತ್ತಿರುವ ಕಂದಕಗಳನ್ನು ಹಂಗಿಸುತ್ತದೆ. ಅಂಥವನ್ನು ಊರಿನ ಹೊರಗೆ ಬೀಡುಬಿಟ್ಟ ಸೇನೆಯ ಪ್ರಚಾರ ಪಡೆಯೇ ಅವಸರದಲ್ಲಿ, ಕಡಿಮೆ ಸಂಖ್ಯೆಯಲ್ಲಿ ಮುದ್ರಿಸುತ್ತಿತ್ತು. ಉತ್ತರದ ಕರೇಲಿಯಾ ಕಡೆಯಿಂದ, ಜರ್ಮನರ ಜೊತೆಗಿದ್ದ ಫಿನ್‌ಲ್ಯಾಂಡಿನವರೂ ರಷ್ಯನ್ ಭಾಷೆಯಲ್ಲಿ ತಮ್ಮವನ್ನು ಹೊರಡಿಸುತ್ತಿದ್ದರು. ಇವುಗಳನ್ನು ಬೇರ್ಪಡಿಸಲು ಕೆಳ ಅಂಚಿನಲ್ಲಿರುವ ಇರುವೆಯಷ್ಟು ಸಣ್ಣ ಅಂಕಿ ಮತ್ತು ಅಕ್ಷರದ ಸಂಕೇತ ಸಹಾಯಕ್ಕೆ ಬರುತ್ತದೆ. ಎರ್‌ಲಾಂಗೆನ್ನಿನ ಕ್ಲೌಸ್ ಕಿರ್ಶ್ನರ್ ಇಂಥ ಸಾವಿರಾರು ಕರಪತ್ರಗಳನ್ನು ಸಂಪುಟಗಟ್ಟಲೆ ಪಟ್ಟಿ ಮಾಡಿಟ್ಟು ನಮ್ಮಂಥವರ ಪಾಲಿಗೆ ದೊಡ್ಡ ಉಪಕಾರ ಮಾಡಿದ್ದಾರೆ.

ಮೂರನೆಯದು ಹುಡುಗಿ ಕೇಳಿದ್ದು: ಬಿದ್ದದ್ದೇ? ಬೀಳುವ ಕಾಗದಕ್ಕೆ ಮೈಮೇಲೆ ಗುರುತುಗಳಿರುತ್ತವೆ. ವಿಮಾನದಿಂದ ಕಟ್ಟುಕಟ್ಟಾಗಿ ಎಸೆದದ್ದಕ್ಕೆ ಮೂಲೆ ಮುರಿದಿರುತ್ತದೆ, ನೆಂದು ಒಣಗಿ ಮೈ ಏರಿಳಿತವಾಗಿರುತ್ತದೆ. ಫಿರಂಗಿಯಿಂದ ಹಾರಿಸಿದ್ದಾದರೆ ಇನ್ನೂ ಸುಲಭ. ಜರ್ಮನರ ಬಳಿ 10.5 ಸೆಂಟಿಮೀಟರ್ ಹೊವಿಟ್ಜರ್ ಫಿರಂಗಿಗೆಂದೇ ಕರಪತ್ರ ತುಂಬುವ 'ವೈಸ್-ರೋಟ್' ಎಂಬ ಶೆಲ್ ಇತ್ತು. 1941ರ ಮಾದರಿಯ ಪ್ರಚಾರದ ರಾಕೆಟ್ಟೂ ಇತ್ತು. ಶೆಲ್ಲಿನೊಳಗೆ ಸುರುಳಿ ಸುತ್ತಿ ತುಂಬಿದ ಕಾಗದ ಎಂಬತ್ತು ವರ್ಷ ಪುಸ್ತಕದ ನಡುವೆ ಇಟ್ಟರೂ ಆ ಬಾಗನ್ನು ಪೂರ್ತಿ ಮರೆಯುವುದಿಲ್ಲ. ಕೆಲವಕ್ಕೆ ಅಂಚು ಕಂದಿರುತ್ತದೆ. ಹೆಕ್ಕಿದವನ ಗುರುತು ಮತ್ತೂ ಬೇರೆ: ಬೂಟಿನೊಳಗೆ, ಟೋಪಿಯ ಅಸ್ತರಿಯೊಳಗೆ ಅಡಗಿಸಲು ಎಂಟು ಮಡಿಕೆ ಮಾಡಿದ ಗೆರೆಗಳು, ಬೆವರಿನ ಕಂದು, ಸೇದಲು ಹರಿದುಕೊಂಡ ಒಂದು ಪಟ್ಟಿ ಇಲ್ಲದಿರುವುದು. ನನ್ನ ಸಂಗ್ರಹದಲ್ಲಿ ಅಂಥದೊಂದು ಇದೆ. ಕಾಲು ಭಾಗ ಮಾತ್ರ ಉಳಿದ ತುಂಡು, ಅಕ್ಷರಗಳು ಅರ್ಧಕ್ಕೆ ಕತ್ತರಿಸಿಹೋಗಿವೆ. ಅದನ್ನು ಮಾರಿದವನು ಬೇರೆ ಏನನ್ನೋ ಕೊಂಡದ್ದಕ್ಕೆ ಕೊಸರಾಗಿ ಕೊಟ್ಟಿದ್ದ. ಸಂತೆಯಲ್ಲಿ ಮಡಿಕೆಯಿಲ್ಲದ್ದಕ್ಕೆ ಹತ್ತು ಪಟ್ಟು ಬೆಲೆ. ಈ ಲೆಕ್ಕ ತಲೆಕೆಳಗು ಎಂದು ನನಗೆ ಈಗ ಖಚಿತವಾಗಿದೆ.

ನನ್ನ ಗಾಜಿನೊಳಗಿನ ರಹದಾರಿಗೆ ಈ ಯಾವ ಗುರುತೂ ಇಲ್ಲ. ಅದು ಅಚ್ಚಿನ ಯಂತ್ರದಿಂದ ಕಟ್ಟಿಗೆ, ಕಟ್ಟಿನಿಂದ ಯಾವುದೋ ಉಗ್ರಾಣಕ್ಕೆ ಹೋಗಿ, ಎಸೆಯುವವರು ಎಸೆಯದೆ ಬಿಟ್ಟುಹೋದ ರಾಶಿಯಲ್ಲಿ ಉಳಿದದ್ದು. ಅದನ್ನು ಯಾವ ಸೈನಿಕನೂ ಓದಲಿಲ್ಲ, ಯಾರೂ ಅದಕ್ಕಾಗಿ ಹೆದರಲಿಲ್ಲ, ಅದು ಯಾರ ಕೈಯನ್ನೂ ಕಾಯಿಸಲಿಲ್ಲ.

ಅಕ್ಟೋಬರ್ 7

ಹಾಗಾದರೆ ಇದು ಸುಮ್ಮನೆ ಹಳೆಯ ಕಾಗದವೇ ಎಂದು ಎರಡು ದಿನ ಮಂಕಾಗಿದ್ದೆ. ಮೂರನೆಯ ದಿನ ಅದರ ಮಾತುಗಳನ್ನು ಮತ್ತೊಮ್ಮೆ ಓದಿದೆ, ಈ ಸಲ ಒಂದು ತಾರೀಕನ್ನು ಪಕ್ಕದಲ್ಲಿಟ್ಟುಕೊಂಡು. 1941ರ ಅಕ್ಟೋಬರ್ 7ರಂದು ಜರ್ಮನ್ ಮಹಾಸೇನಾಪತಿಯ ಕಚೇರಿಯಿಂದ ಕಾರ್ಯಾಚರಣೆಯ ಮುಖ್ಯಸ್ಥ ಜನರಲ್ ಯೋಡ್ಲ್ ಸಹಿ ಮಾಡಿದ ಒಂದು ಆಜ್ಞೆ ಹೊರಟಿತು. ಲೆನಿನ್‌ಗ್ರಾಡ್ ಶರಣಾಗತಿಯನ್ನು ಶತ್ರು ತಾನಾಗಿ ಮುಂದಿಟ್ಟರೂ ಸ್ವೀಕರಿಸಕೂಡದು ಎಂಬುದು ಹಿಟ್ಲರನ ನಿರ್ಧಾರ ಎಂದು ಅದು ಸೇನೆಗೆ ತಿಳಿಸಿತು. ಊರನ್ನು ಬಿಟ್ಟು ಜರ್ಮನ್ ಸಾಲುಗಳ ಕಡೆಗೆ ಬರುವವರನ್ನು ಗುಂಡು ಹಾರಿಸಿ ಹಿಂದಕ್ಕೆ ಅಟ್ಟಬೇಕು. ಇದಕ್ಕೆ ಎರಡು ವಾರ ಮುಂಚೆ, ಸೆಪ್ಟೆಂಬರ್ ಕೊನೆಯಲ್ಲಿ, ಆ ಊರನ್ನು ಭೂಮಿಯ ಮೇಲಿಂದ ಅಳಿಸಿಹಾಕುವ ಇಂಗಿತವನ್ನು ಬರೆದ ಕಾಗದಗಳೂ ಅದೇ ಪಾಳೆಯದಲ್ಲಿ ಓಡಾಡಿದ್ದವು. ಊರಿನ ಜನಕ್ಕೆ ಅನ್ನ ಹಾಕುವ ಹೊಣೆ ತಮಗೆ ಬೇಡ ಎಂಬುದು ಅವರ ಲೆಕ್ಕಾಚಾರ.

ಅಂದರೆ ಮಸೂರಬೇಳೆ ಮುಗಿದರೆ ಊರು ಒಪ್ಪಿಸುತ್ತೀರಿ ಎಂದು ಹಂಗಿಸಿದವರು, ಊರು ಒಪ್ಪಿಸಲು ಬಂದರೆ ಕೈ ಚಾಚುವುದಿಲ್ಲವೆಂದು ಆಗಲೇ ತೀರ್ಮಾನಿಸಿದ್ದರು. ಸೈನಿಕನಿಗೆ ಕೊಟ್ಟ ಮಾತಿನ ಗತಿಯೂ ಇದೇ. ಚೆನ್ನಾಗಿ ಬರಮಾಡಿಕೊಳ್ಳುತ್ತೇವೆ, ಊಟ ಕೊಡುತ್ತೇವೆ ಎಂದು ಎರಡು ಭಾಷೆಗಳಲ್ಲಿ ಬರೆದವರ ಸೆರೆಯಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಸುಮಾರು 57 ಲಕ್ಷ ಸೋವಿಯತ್ ಕೈದಿಗಳಲ್ಲಿ 33 ಲಕ್ಷದಷ್ಟು ಮಂದಿ ಸತ್ತಿದ್ದರು. ಬಹುಪಾಲು ಹಸಿವಿನಿಂದ, ಚಳಿಯಿಂದ, ಮೊದಲ ಚಳಿಗಾಲದಲ್ಲೇ. ಕೈದಿಗಳ ನಡುವಿನಿಂದ ಯಹೂದಿಗಳನ್ನೂ ಕಮಿಸಾರರನ್ನೂ ಹೆಕ್ಕಿ ಕೊಂದರು. ನಾನು ಗಾಜಿನೊಳಗಿಟ್ಟು ಮೆರೆಸಿದ ಆ ಸ್ವಚ್ಛ ಕಾಗದದ ಪ್ರತಿಯೊಂದು ಸಾಲಿಗೂ ಹೀಗೆ ಒಂದು ಶವದ ರಾಶಿ ಉತ್ತರವಾಗಿ ನಿಂತಿದೆ. ನನಗೆ ಅದನ್ನು ಹರಿದು ಹಾಕಬೇಕೆನಿಸಿತು. ಹಾಕಲಿಲ್ಲ. ಸುಳ್ಳು ಹೇಳಿದ್ದಕ್ಕೆ ಸಾಕ್ಷಿಯಾಗಿ ಅದು ಇರಬೇಕು. ಆದರೆ ಅದರ ಪಕ್ಕದಲ್ಲಿ ಆ ಆಜ್ಞೆಯ ಕನ್ನಡ ಸಾರಾಂಶವನ್ನು ಇಡದೆ ಇನ್ನು ಮುಂದೆ ಯಾರಿಗೂ ತೋರಿಸುವುದಿಲ್ಲ.

ಒಮ್ಮೆ ತ್ಯೋತ್ಯಾ ಅವರನ್ನು, ಆ ಕಾಗದ ಓದಿದ್ದರೆ ನಿಮ್ಮಮ್ಮನಿಗೆ ಶರಣಾಗುವ ಆಸೆ ಬರುತ್ತಿತ್ತೇ ಎಂದು ಕೇಳಿದ್ದೆ. "ಯಾರಿಗೆ ಶರಣಾಗುವುದು, ಸಿನೋಕ್? ಕೆಳಗೆ ಇಳಿದು ಮೆಟ್ಟಿಲು ಹತ್ತುವುದೇ ಆಗುತ್ತಿರಲಿಲ್ಲ" ಎಂದಿದ್ದರು.

ಕೂಡಿಡುವುದೂ ಅಪರಾಧ

ಆ ಊರಿನಲ್ಲಿ ಕಾಗದ ಕೂಡಿಟ್ಟವರು ಇರಲೇ ಇಲ್ಲವೆಂದಲ್ಲ. ನೆವ್‌ಸ್ಕಿ ಬೀದಿಯ ಸಾರ್ವಜನಿಕ ಗ್ರಂಥಾಲಯ ಮುತ್ತಿಗೆಯ ಉದ್ದಕ್ಕೂ ಬಾಗಿಲು ಮುಚ್ಚಲಿಲ್ಲ. ಅಲ್ಲಿ ವೆರಾ ಕರತೀಗಿನಾ ಮತ್ತು ಅವರ ಜೊತೆಗಾರ್ತಿಯರು ಊರಿನಲ್ಲಿ ಅಚ್ಚಾದ ಪ್ರತಿಯೊಂದು ಚೂರನ್ನೂ ಸಂಗ್ರಹಿಸುತ್ತ ಹೋದರು: ಗೋಡೆಯ ಪೋಸ್ಟರು, ಪಡಿತರ ಚೀಟಿ, ನಾಟಕದ ಟಿಕೆಟ್ಟು, ಆಗಸ್ಟ್ 21ರಂದು 'ಶತ್ರು ಬಾಗಿಲಲ್ಲಿದ್ದಾನೆ' ಎಂದು ಸಾರಿದ ಮನವಿ. ಹಸಿವಿನಿಂದ ಕಾಲು ಊದಿಕೊಂಡ ಹೆಂಗಸರು ಗೋಡೆಯಿಂದ ಪೋಸ್ಟರು ಬಿಡಿಸಿಕೊಂಡು ಹೋಗುವ ಚಿತ್ರವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಅಂಟಿಗೆ ಹಾಕಿದ ಹಿಟ್ಟನ್ನು ಜನ ಕೆರೆದು ತಿನ್ನುತ್ತಿದ್ದ ಕಾಲ ಅದು. ಸಂಗ್ರಹಕಾರ ಎಂಬ ಮಾತನ್ನು ನನಗೆ ಅನ್ವಯಿಸಿಕೊಳ್ಳುವ ಮುಂಚೆ ಅವರನ್ನು ನೆನೆಯಬೇಕು. ಶತ್ರುವಿನ ಕರಪತ್ರಗಳ ಕಥೆ ಬೇರೆ. ಗ್ರಂಥಾಲಯಗಳಿಗೆ ಬಂದಂಥವು 'ಸ್ಪೆತ್ಸ್‌ಖ್ರಾನ್' ಎಂಬ ಬೀಗ ಹಾಕಿದ ಕೋಣೆ ಸೇರುತ್ತಿದ್ದವು. ಎಂಬತ್ತರ ದಶಕದ ಕೊನೆಯವರೆಗೆ ಸಾಮಾನ್ಯ ಓದುಗನಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಊರು ತನ್ನ ನೆನಪಿಗೆಂದು ಕಟ್ಟಿಕೊಂಡ ಮ್ಯೂಸಿಯಂ ಕೂಡ ಉಳಿಯಲಿಲ್ಲ. ಸೊಲ್ಯನೋಯ್ ಗೊರೊದೋಕ್ ಎಂಬಲ್ಲಿ 1944ರಲ್ಲಿ ಮುತ್ತಿಗೆ ಮುರಿದ ಮೂರೇ ತಿಂಗಳಿಗೆ ಪ್ರದರ್ಶನ ತೆರೆಯಿತು, 1946ರಲ್ಲಿ ಅದು ಮ್ಯೂಸಿಯಂ ಆಯಿತು. ತ್ಯೋತ್ಯಾ ಅನಾಥಾಲಯದ ಸಾಲಿನಲ್ಲಿ ಹೋಗಿ ಅದನ್ನು ನೋಡಿದ್ದರು. 1949ರಲ್ಲಿ ಸ್ತಾಲಿನ್ ಲೆನಿನ್‌ಗ್ರಾಡಿನ ಮುಖಂಡರ ಮೇಲೆ ತಿರುಗಿಬಿದ್ದಾಗ ಅದನ್ನು ಮುಚ್ಚಿಸಲಾಯಿತು. ನಿರ್ದೇಶಕ ಲೆವ್ ರಾಕೋವ್ ಜೈಲಿಗೆ ಹೋದರು. 1953ರ ಹೊತ್ತಿಗೆ ಮ್ಯೂಸಿಯಂ ಎಂಬುದೇ ಇಲ್ಲವಾಯಿತು. ವಸ್ತುಗಳಲ್ಲಿ ಕೆಲವು ಚದುರಿದವು, ಬಹಳಷ್ಟು ನಾಶವಾದವು. ಮತ್ತೆ ತೆರೆದದ್ದು 1989ರ ಸೆಪ್ಟೆಂಬರಿನಲ್ಲಿ, ನಾನು ಅಲ್ಲಿರುವಾಗಲೇ. ಜನ ನಲವತ್ತು ವರ್ಷ ಮನೆಯಲ್ಲಿ ಬಚ್ಚಿಟ್ಟಿದ್ದನ್ನು ತಂದು ಕೊಟ್ಟಿದ್ದರು.

ಅಲ್ಲಿಗೆ ತ್ಯೋತ್ಯಾ ನನ್ನನ್ನು ಕರೆದುಕೊಂಡು ಹೋದರು. ಮೆಟ್ರೋ ಇಳಿದು ನೆವ್‌ಸ್ಕಿಯಲ್ಲಿ ನಡೆಯುವಾಗ, 14ನೆಯ ನಂಬರಿನ ಗೋಡೆಯ ಮೇಲೆ ನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ಈಗಲೂ ಇರುವ ಬರಹದ ಎದುರು ನಿಂತರು: ಶೆಲ್ ದಾಳಿಯ ಹೊತ್ತಿನಲ್ಲಿ ಬೀದಿಯ ಈ ಬದಿ ಹೆಚ್ಚು ಅಪಾಯಕಾರಿ. ಆ ಬರಹದ ಕೆಳಗೆ ಯಾರೋ ಕಾರ್ನೇಷನ್ ಹೂಗಳನ್ನು ಇಟ್ಟಿದ್ದರು. ತ್ಯೋತ್ಯಾ ನನ್ನ ತೋಳು ಹಿಡಿದು ಎದುರು ಬದಿಗೆ ದಾಟಿಸಿದರು. ಮ್ಯೂಸಿಯಂನಲ್ಲಿ ಬ್ರೆಡ್ಡಿನ ತುಂಡಿನ ಮುಂದೆ ಎಲ್ಲರೂ ಗುಂಪುಗೂಡಿದ್ದರು. ಅವರು ಅಲ್ಲಿ ನಿಲ್ಲಲಿಲ್ಲ. ಒಂದು ಮಗುವಿನ ಡ್ರಾಯಿಂಗಿನ ಮುಂದೆ ತುಂಬ ಹೊತ್ತು ನಿಂತರು. ಅದು ಯಾವುದೋ ಕಚೇರಿಯ ಲೆಕ್ಕದ ನಮೂನೆಯ ಹಿಂಬದಿಯಲ್ಲಿ ಬರೆದದ್ದು. ಬಣ್ಣದ ಹಿಂದಿನಿಂದ ಕೋಷ್ಟಕದ ಗೆರೆಗಳು ಇಣುಕುತ್ತಿದ್ದವು. "ಇವಳಿಗೆ ಒಳ್ಳೆಯ ಕಾಗದ ಸಿಕ್ಕಿತ್ತು" ಎಂದರು.

ಅವರು ಈಗ ಇಲ್ಲ. 2003ರಲ್ಲಿ ನಾನು ಕೆಲಸದ ಮೇಲೆ ಮತ್ತೆ ಹೋದಾಗ ಹಾಸ್ಟೆಲಿನ ಬಾಗಿಲಲ್ಲಿ ಬೇರೆಯವರು ಕೂತಿದ್ದರು. ಅದರ ಮಾರನೆಯ ಭಾನುವಾರವೇ ನಾನು ಉದೆಲ್ನಾಯಾಕ್ಕೆ ಹೋಗಿ ಈ ರಹದಾರಿಯನ್ನು ಕೊಂಡದ್ದು. ಅವರಿಗಾಗಿ ಕೊಳ್ಳುತ್ತಿದ್ದೇನೆ ಎಂದು ಆಗ ನನ್ನ ಮನಸ್ಸಿನಲ್ಲಿತ್ತು.

ಸಂಕ್ರಾಂತಿಗೆ ಹುಡುಗಿ ಮತ್ತೆ ಬಂದಳು. ನಾವಿಬ್ಬರೂ ಕೂತು ಆಲ್ಬಮ್ಮಿನ ವಿವರದ ಚೀಟಿಗಳನ್ನು ಹೊಸದಾಗಿ ಬರೆದೆವು. ರಹದಾರಿಯ ಚೀಟಿಯಲ್ಲಿ 'ಲೆನಿನ್‌ಗ್ರಾಡ್' ಎಂಬುದನ್ನು ಹೊಡೆದುಹಾಕಿ 'ಪೂರ್ವ ರಣರಂಗ, 1941, ಸಾಮಾನ್ಯ ಮಾದರಿ, ಬಿದ್ದ ಗುರುತಿಲ್ಲ' ಎಂದು ಅವಳೇ ಬರೆದಳು. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಹರಿದ ಕಾಲು ತುಂಡನ್ನು ಗಾಜಿನೊಳಗೆ ಇಟ್ಟೆವು. ಆಲ್ಬಮ್ಮಿನಲ್ಲಿ ಅದರ ಹಿಂದಿನ ಪುಟ ಖಾಲಿ ಇತ್ತು. ಅಲ್ಲಿಗೂ ಒಂದು ಚೀಟಿ ಬೇಕು ಎಂದು ನಾನು ಹೇಳುತ್ತ ಹೋದೆ, ಅವಳು ಬರೆದುಕೊಂಡಳು: 'ಜರ್ಮನ್ ಕರಪತ್ರ. ವಸೀಲ್ಯೆವ್‌ಸ್ಕಿ ದ್ವೀಪದ ಒಂದು ಅಂಗಳದಲ್ಲಿ ಬಿದ್ದದ್ದು, ಡಿಸೆಂಬರ್ 1941. ಹೆಕ್ಕಿದವರು ಹತ್ತು ವರ್ಷದ ಹುಡುಗಿ. ಬರಹ ಓದಿಲ್ಲ. ಹಿಂಬದಿ ಬಿಳಿ. ಅದೇ ದಿನ ಸುಟ್ಟದ್ದು.' ಅಳತೆಯ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಳು. ತ್ಯೋತ್ಯಾ ಅಡುಗೆಮನೆಯಲ್ಲಿ ಎರಡೂ ಕೈ ಅಗಲಿಸಿ ತೋರಿಸಿದ್ದನ್ನು ನೆನಪು ಮಾಡಿಕೊಂಡು ನಾನೂ ತೋರಿಸಿದೆ. ಅವಳು ಸ್ಕೇಲು ತಂದು ನನ್ನ ಕೈಗಳ ನಡುವೆ ಹಿಡಿದಳು.